ಜವಳವಾಗದ ಕೂಸು ಹೊಳೆ ದಾಟಿದ ಬೇಸಿಗೆ

ನನ್ನ ಮೊಮ್ಮಗಳು ಭೂಮಿ ನಾಲ್ಕು ವರ್ಷದವಳಿದ್ದಾಗ ಒಂದೇ ಬೇಸಿಗೆಯಲ್ಲಿ ಎರಡು ಹೊಳೆ ದಾಟಿದಳು. ದಾಟಿಸಿದವಳು ನಾನು. ತಪ್ಪಾಯಿತು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಸುರಪುರದ ನಮ್ಮ ಓಣಿಯಲ್ಲಿ ಕೇಳಿದವರಿಗೂ ಹೇಳಿದ್ದೇನೆ, ಕೇಳದೆ ಹೊರಟವರನ್ನು ನಿಲ್ಲಿಸಿಯೂ ಹೇಳಿದ್ದೇನೆ, ಆದರೂ ಹೊಟ್ಟೆ ತುಂಬಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ನಡೆದದ್ದನ್ನು ಮಾತ್ರ ಯಾರೂ ತಿದ್ದುವುದು ಬೇಡ.

ಹೊಳೆ ದಾಟುವುದು ಇಷ್ಟು ದೊಡ್ಡ ಮಾತು ಯಾಕಾಯಿತು ಎಂದು ಹೇಳಬೇಕಾದರೆ ಶಹಾಪುರದಲ್ಲಿ ನಾನು ಹುಟ್ಟಿದ ಮನೆಗೇ ಹೋಗಬೇಕು. ಮುಂದೆ ಪಡಸಾಲೆ, ನಡುವೆ ಎತ್ತು ಕಟ್ಟುವ ಜಾಗ, ಅದರ ಆಚೆ ಮೂರು ಮೆಟ್ಟಿಲು ಹತ್ತಿದರೆ ಅಡುಗೆ ಮನೆ. ನೆಲಕ್ಕೆಲ್ಲ ಪರಸಿ ಕಲ್ಲು. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿಗೆ ನೀರು ಚಿಮುಕಿಸಿ ಬೋರಲು ಮಲಗಿದರೆ ಸಿಗುವ ತಂಪು ಈಗಿನ ಯಾವ ಫ್ಯಾನಿಗೂ ಬರುವುದಿಲ್ಲ. ಆದರೆ ಆ ತಂಪು ನನಗೆ ಬೇಕಾಗಿರಲಿಲ್ಲ, ನನಗೆ ಬಿಸಿಲೇ ಬೇಕಾಗಿತ್ತು. ಯಾಕೆಂದರೆ ಪ್ರತಿ ಬೇಸಿಗೆ ಅಪ್ಪ ಬಂಡಿ ಹೂಡಿ ನನ್ನ ಇಬ್ಬರು ಅಣ್ಣಂದಿರನ್ನು ಭೀಮಾ ಹೊಳೆಯ ಆಚೆ ತನ್ನ ಅಕ್ಕನ ಊರಿಗೆ ಕರೆದೊಯ್ಯುತ್ತಿದ್ದ. ನಾನು ಹೋಗುವಂತಿರಲಿಲ್ಲ. ಕೂಸಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಯುವುದಕ್ಕೆ ನಮ್ಮಲ್ಲಿ ಜವಳ ಎನ್ನುತ್ತಾರೆ. ಸೋದರಮಾವನೇ ಬಂದು ಮೊದಲ ಕತ್ತರಿ ಹಾಕಬೇಕು, ಸೋದರತ್ತೆ ಉಡಿಯೊಡ್ಡಿ ಆ ಕೂದಲು ನೆಲಕ್ಕೆ ಬೀಳದಂತೆ ಹಿಡಿಯಬೇಕು. ಅಲ್ಲಿಯವರೆಗೆ ಕೂಸು ಹೊಳೆ ದಾಟಬಾರದು. ನನ್ನ ಸೋದರಮಾವನೋ ಯಾವುದೋ ಮದುವೆಯ ಊಟದಲ್ಲಿ ತನ್ನನ್ನು ಮೊದಲ ಪಂಕ್ತಿಗೆ ಕೂರಿಸಲಿಲ್ಲ ಎಂದು ಅಪ್ಪನ ಮೇಲೆ ಮುನಿಸಿಕೊಂಡು ನಮ್ಮ ಮನೆಯ ನೀರು ಸಹ ಕುಡಿಯುವುದನ್ನು ಬಿಟ್ಟಿದ್ದ. ಅವರಿಬ್ಬರ ಜಗಳ ನನ್ನ ತಲೆಯ ಮೇಲೆ ಬೆಳೆಯುತ್ತ ಹೋಯಿತು. ಬಂಡಿ ಹೊರಟಾಗ ನಾನು ಗಾಲಿ ಹಿಡಿದು ಅಳುತ್ತಿದ್ದೆ. ಅಜ್ಜಿ ನನ್ನ ರಟ್ಟೆ ಹಿಡಿದು ಒಳಗೆ ಎಳೆಯುತ್ತಿದ್ದಳು.

“ತಲಿ ಮ್ಯಾಲ ಹುಟ್ಟುಗೂದಲ ಇಟ್ಕೊಂಡು ಎಲ್ಲಿಗಿ ಹೊಂಟಿ? ಹೊಳಿ ಎಳಕೊಂತದ ನಿನ್ನ. ಬಾ, ಶಾವಿಗಿ ಹೊಸಿ ಬಾ.”

ನನಗೆ ಒಂಬತ್ತು ತುಂಬಿದಾಗ ಮಾವನೂ ಅಪ್ಪನೂ ಯಾರದೋ ಸಾವಿನ ಮನೆಯಲ್ಲಿ ಎದುರುಬದುರಾಗಿ, ಅತ್ತು, ಒಂದಾದರು. ನನ್ನ ಜವಳವಾಯಿತು. ಮುಂದಿನ ಬೇಸಿಗೆಗೆ ನಾನು ಎರಡು ಲಂಗ ಗಂಟು ಕಟ್ಟಿಕೊಂಡು, ಎತ್ತು ಹೂಡುವ ಮುಂಚೆಯೇ ಬಂಡಿಯಲ್ಲಿ ಹೋಗಿ ಕೂತೆ. ಅಜ್ಜಿ ಬಂದಳು. ಈ ಸಲ ರಟ್ಟೆ ಹಿಡಿಯಲಿಲ್ಲ, ನಕ್ಕಳು.

“ಈಗ ದೊಡ್ಡಾಕಿ ಆದೆವ್ವಾ. ದೊಡ್ಡ ಹುಡುಗೇರು ಊರೂರು ತಿರಗ್ತಾರೇನು? ಇಳಿ.”

ಇಳಿದೆ. ಒಂದು ಕಾರಣ ತೀರಿದರೆ ಅದರ ಬೆನ್ನಿಗೆ ಇನ್ನೊಂದು ಕಾರಣ ತಯಾರಾಗಿ ನಿಂತಿರುತ್ತದೆ ಎಂದು ನನಗೆ ಅವತ್ತೇ ಗೊತ್ತಾಯಿತು. ಶಾಲೆಯಲ್ಲಿ ಕಲಿತದ್ದೆಲ್ಲ ಮರೆತೆ, ಇದೊಂದು ಮರೆಯಲಿಲ್ಲ. ಹದಿನಾರಕ್ಕೆ ಸುರಪುರಕ್ಕೆ ಸೊಸೆಯಾಗಿ ಬಂದೆ. ಭೀಮಾ ಹೊಳೆಯನ್ನು ಮೊದಲ ಸಲ ದಾಟಿದ್ದು ಹೆರಿಗೆ ಕಷ್ಟವಾಗಿ ಯಾದಗಿರಿಯ ದವಾಖಾನೆಗೆ ಒಯ್ಯುವಾಗ. ಕಣ್ಣು ಮುಚ್ಚಿ ಹಲ್ಲು ಕಚ್ಚಿ ಮಲಗಿದ್ದೆ. ಹೊಳೆ ಯಾವಾಗ ಬಂತು, ಯಾವಾಗ ಹೋಯಿತು, ನೋಡಲೇ ಇಲ್ಲ.

ಆ ಹೆರಿಗೆಯಲ್ಲಿ ಹುಟ್ಟಿದ ಮಗನೇ ಭೂಮಿಯ ಅಪ್ಪ. ನಾರಾಯಣಪುರದ ಡ್ಯಾಮಿನಲ್ಲಿ ಅವನ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಸೊಸೆ ರೇಣುಕಾ ಸುರಪುರದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ನನ್ನ ಯಜಮಾನರು ತೀರಿಕೊಂಡು ಆರು ವರ್ಷ. ಅವರ ತಾಯಿ, ಅಂದರೆ ನನ್ನ ಅತ್ತೆ, ಗಟ್ಟಿಯಾಗಿದ್ದಾರೆ. ಹಲ್ಲು ಹೋಗಿವೆ, ಮಾತು ಹೋಗಿಲ್ಲ. ಪಡಸಾಲೆಯ ಹೊರಸಿನ ಮೇಲೆ ಕೂತೇ ಮನೆ ನಡೆಸುತ್ತಾರೆ. ಭೂಮಿಯ ಹೆಸರಿಡುವ ದಿನ ರೇಣುಕಾಳ ಅಣ್ಣ ಮಲ್ಲಪ್ಪ ಹುಣಸಗಿಯಿಂದ ಟೆಂಪೊದಲ್ಲಿ ಒಂದು ತೊಟ್ಟಿಲು ತಂದಿದ್ದ. ತೇಗದ್ದು, ಗಿಳಿ ಕೆತ್ತಿಸಿ ಹಸಿರು ಬಣ್ಣ ಹಚ್ಚಿಸಿದ್ದ. ಅತ್ತೆ ಅದನ್ನು ಗೋಡೆಗೆ ಸರಿಸಿ, ನಮ್ಮ ಮನೆಯ ಹಳೆಯ ತೊಟ್ಟಿಲಿಗೇ ಕೂಸನ್ನು ಹಾಕಿಸಿದರು. ಮಲ್ಲಪ್ಪ ಎಲೆಯ ಮುಂದಿನಿಂದ ಎದ್ದು ಹೋದವನು ನಾಲ್ಕು ವರ್ಷ ಈ ಹೊಸ್ತಿಲು ತುಳಿಯಲಿಲ್ಲ. ಮಾವ ಬರಲಿಲ್ಲ, ಜವಳವಾಗಲಿಲ್ಲ. ಕೂಸಿನ ಕೂದಲು ಸೊಂಟ ಮುಟ್ಟಿತು. ಬಾಚಬಹುದು, ಹೆಣೆಯಬಾರದು ಎಂಬುದು ಅತ್ತೆಯ ಕಟ್ಟಳೆ. ಹಾಗಾಗಿ ಒಂದು ರಿಬ್ಬನ್ನು, ಅದೂ ಅರ್ಧ ದಾರಿಯಲ್ಲಿ ಜಾರುತ್ತಿತ್ತು. ನಮ್ಮ ಸುರಪುರ, ಶಹಾಪುರಗಳು ಭೀಮಾ ಮತ್ತು ಕೃಷ್ಣಾ ಎರಡು ಹೊಳೆಗಳ ನಡುವೆ ಇವೆ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ನನ್ನ ಮೊಮ್ಮಗಳಿಗೆ ಅಷ್ಟೇ ಲೋಕ.

ಇರಲಿ, ಆ ಲೋಕವನ್ನಾದರೂ ಪೂರ್ತಿ ತೋರಿಸುತ್ತೇನೆ ಎಂದು ಬೇಸಿಗೆ ಹತ್ತಿದ್ದೇ ನಾನು ಚೀಲ ಹಿಡಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಾನು ಯಾರ ಮುಂದೆಯೂ ಕೈ ಒಡ್ಡಬೇಕಿರಲಿಲ್ಲ. ಆಧಾರ ಕಾರ್ಡು ತೋರಿಸಿದರೆ ಮುಗಿಯಿತು, ಭೂಮಿಗೆ ಅದೂ ಬೇಡ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ಬಿಸಿಲು ಬಡಿಯದಿರಲಿ ಎಂದು ಇಬ್ಬರ ಸೊಂಟಕ್ಕೂ ಒಂದೊಂದು ಉಳ್ಳಾಗಡ್ಡಿ. ಮೊದಲು ಬೋನಾಳದ ಕೆರೆ. ನೀರು ಇಳಿದಿತ್ತು, ಆದರೂ ಬೆಳ್ಳಕ್ಕಿಗಳು ಒಣ ಹಾಕಿದ ಧೋತರದಂತೆ ಸಾಲಾಗಿ ನಿಂತಿದ್ದವು. ಒಂದು ಹಾರಿದರೆ ಭೂಮಿ ಚಪ್ಪಾಳೆ ಹೊಡೆಯುತ್ತಿದ್ದಳು, ಚಪ್ಪಾಳೆಗೆ ಇನ್ನೊಂದು ಹಾರುತ್ತಿತ್ತು, ಅದಕ್ಕೆ ಮತ್ತೆ ಚಪ್ಪಾಳೆ. ಹೀಗೆ ಇಡೀ ಕೆರೆ ಖಾಲಿ ಮಾಡಿಸಿ ಬಂದೆವು. ಆಮೇಲೆ ಶಹಾಪುರ. ಬೆಟ್ಟವೇ ಮಲಗಿದ ಬುದ್ಧನಂತೆ ಕಾಣುವ ಕಡೆ ನಿಲ್ಲಿಸಿ, ಅಗೋ ಹಣೆ, ಅಗೋ ಮೂಗು, ಅಗೋ ಎದೆ ಎಂದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

“ಆಯಿ, ಇಂವ ಯಾವಾಗ ಏಳ್ತಾನ?”

“ಏಳಂಗಿಲ್ಲವ್ವಾ.”

“ಯಾಕ? ಇವಂದೂ ಜವಳ ಆಗಿಲ್ಲೇನು?”

ನಾನು ನಕ್ಕೆ, ಆಮೇಲೆ ತಿಳಿಯಿತು. ನಾಲ್ಕು ವರ್ಷದ ಕೂಸಿಗೆ ಆಗಲೇ ಗೊತ್ತಾಗಿದೆ, ಕೂದಲಿದ್ದರೆ ಏಳುವಂತಿಲ್ಲ ಎಂದು. ತಿರುಗಿ ಬರುವಾಗ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು, ಯಾದಗಿರಿ, ಯಾದಗಿರಿ, ರೈಲು ಹಿಡಿಯುವವರು ಬರ್ರಿ ಎಂದು ಕೂಗುತ್ತಿದ್ದ. ಭೂಮಿ ರೈಲನ್ನು ಅವರವ್ವನ ಫೋನಿನಲ್ಲಿ ಬೆರಳುದ್ದ ನೋಡಿದ್ದಳು. ನನ್ನ ಸೆರಗು ಜಗ್ಗಿದಳು.

“ಆಯಿ, ಖರೇ ರೈಲು ಎಷ್ಟುದ್ದ ಇರ್ತದ?”

ಬಸ್ಸು ಸುರಪುರ ಮುಟ್ಟುವ ತನಕ ಅದೇ ಮಾತು. ರೈಲಿರುವುದು ಯಾದಗಿರಿಯಲ್ಲಿ. ಯಾದಗಿರಿ ಭೀಮಾ ಹೊಳೆಯ ಆಚೆ. ಮನೆಗೆ ಬಂದು ಕಾಲು ತೊಳೆದುಕೊಂಡವಳೇ ಅತ್ತೆಯ ಹೊರಸಿನ ಮುಂದೆ ನಿಂತು ಹೇಳಿಬಿಟ್ಟೆ, ನಾಳೆ ಕೂಸಿಗೆ ರೈಲು ತೋರಿಸಿಕೊಂಡು ಬರುತ್ತೇನೆಂದು.

“ಶಾಂತೀ, ಬಿಸಲು ನೆತ್ತಿಗಿ ಏರ್ಯದೇನು ನಿನಗ? ಹೊಳಿ ನಡಕ ಬರ್ತದ.”

“ಬ್ಯಾಸಗ್ಯಾಗ ಹೊಳಿ ಎಲ್ಲದರಿ ಅತ್ತಿ? ಬರೇ ಉಸುಕು, ಕಲ್ಲು.”

“ನೀರಿರ್ಲಿ ಬಿಡ್ಲಿ, ಹೊಳಿ ಹೊಳೀನ. ನಿನ್ನ ಗಂಡಂದು ಜವಳ ಆಗೂತನ ನಾ ಅವನ್ನ ದಾಟಿಸಿಲ್ಲ. ನಿನ್ನ ಮಗ ದವಾಖಾನಿಯಿಂದ ಮನಿಗಿ ಬಂದ ಮ್ಯಾಲ ಅವನ್ನೂ ದಾಟಿಸಗೊಟ್ಟಿಲ್ಲ.”

“ನನ್ನೂ ಯಾರೂ ದಾಟಿಸಲಿಲ್ರಿ. ಅದಕ್ಕ ಹೊಂಟೀನಿ.”

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವರು ಹಾಗೆ ಮಲಗಿದರೆ ಮೊದಲೆಲ್ಲ ನಾನು ಕಾಲು ಒತ್ತಿ, ಕ್ಷಮೆ ಕೇಳಿ ಎಬ್ಬಿಸುತ್ತಿದ್ದೆ. ಅವತ್ತು ಹೋಗಿ ರೊಟ್ಟಿ ಬಡಿದೆ, ಅಷ್ಟೂ ಸಿಟ್ಟಿಗೆ ಹನ್ನೆರಡು ರೊಟ್ಟಿಯಾದವು. ಬೆಳಿಗ್ಗೆ ರೇಣುಕಾ ಕೆಲಸಕ್ಕೆ ಹೊರಡುವ ಅವಸರದಲ್ಲೇ ನೀರಿನ ಬಾಟಲಿಗೆ ಹಸಿ ಬಟ್ಟೆ ಸುತ್ತುತ್ತ ನನ್ನ ಪಕ್ಕ ಬಂದಳು.

“ಅತ್ತಿ, ನೀವು ಎಲ್ಲಿಗಿ ಹೊಂಟೀರಿ ಅಂತ ನಾ ಕೇಳಿಲ್ಲ, ನೀವು ಹೇಳಿಲ್ಲ. ಯಾದಗಿರಿ ಸ್ಟೇಷನ್ನಾಗ ಕೂಸಿನ ಕೈ ಮಾತ್ರ ಬಿಡಬ್ಯಾಡ್ರಿ.”

ನನ್ನ ಸೊಸೆ ಬಂಗಾರ.

ಶಹಾಪುರ ದಾಟಿದ ಮೇಲೆ ಬಸ್ಸು ಕಾದ ಹಂಚಿನಂತಾಯಿತು. ಭೂಮಿ ಸೀಟಿನ ಮೇಲೆ ಮೊಣಕಾಲೂರಿ ಕಿಟಕಿಗೆ ಮುಖವಿಟ್ಟಿದ್ದಳು. ರಿಬ್ಬನ್ನು ಎಲ್ಲೋ ಬಿದ್ದು, ಕೂದಲು ಗಾಳಿಗೆ ಹರವಿಕೊಂಡಿತ್ತು. ಭೀಮಾ ಸೇತುವೆ ಬಂತು. ಕೊನೆಗೂ ಕಣ್ಣು ತೆರೆದು ಆ ಹೊಳೆ ನೋಡಿದೆ. ಉಸುಕು, ಬಂಡೆ, ಅಲ್ಲೊಂದು ಇಲ್ಲೊಂದು ಮಡು, ಮಡುವಿನಲ್ಲಿ ಮೂಗು ಮಾತ್ರ ಮೇಲಿಟ್ಟ ಎಮ್ಮೆಗಳು. ಇಷ್ಟಕ್ಕೇ ಒಂಬತ್ತು ವರ್ಷ ನನ್ನನ್ನು ಹಿಡಿದಿಟ್ಟಿರಾ ಎಂದು ಅಜ್ಜಿಯನ್ನು ಬಯ್ಯಬೇಕು ಎನ್ನುವಷ್ಟರಲ್ಲಿ, ಮುಂದಿನ ಸೀಟಿನ ಹಿರಿಯರೊಬ್ಬರು ಬಿಸಿಗಾಳಿ ತಾಳದೆ ಕಿಟಕಿಯ ಗಾಜನ್ನು ಜೋರಾಗಿ ಎಳೆದುಕೊಂಡರು. ಭೂಮಿ ಚೀರಿದಳು. ಅವಳ ಕೂದಲಿನ ಒಂದು ಹಿಡಿ ಗಾಜು ಓಡುವ ಸಂದಿಗೆ ಸಿಕ್ಕಿಬಿಟ್ಟಿತ್ತು. ಹಿರಿಯರು ಗಾಬರಿಯಾಗಿ ಗಾಜನ್ನು ಹಿಂದೆ ತಳ್ಳಿದರು, ನಾನು ತಳ್ಳಿದೆ, ಕಂಡಕ್ಟರು ಬಂದು ಗುದ್ದಿದ. ಧೂಳು ತುಂಬಿದ ಗಾಜು ಅಲುಗಲಿಲ್ಲ. ಬಸ್ಸು ಜಿಗಿದಾಗೆಲ್ಲ ಕೂಸಿನ ತಲೆ ಜಗ್ಗುತ್ತಿತ್ತು.

“ಗಾಡಿ ನಿಂದರಿಸಪ್ಪಾ!” ಎಂದು ಡ್ರೈವರಿಗೆ ಕೂಗಿದೆ.

“ಬ್ರಿಜ್ ಮ್ಯಾಲ ಹೆಂಗ ನಿಂದರಿಸ್ಲೆಮ್ಮಾ? ಹಿಂದ ಲಾರಿ ಬಿದ್ದಾವ.”

ಹಿಂದಿನ ಸೀಟಿನಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳಿದ್ದಳು. ಶಹಾಪುರದಲ್ಲಿ ಹೊಲಿಗೆ ಮಾಡುವವಳು, ಯಾದಗಿರಿಗೆ ಅಸ್ತರು ಬಟ್ಟೆ ತರಲು ಹೊರಟವಳು, ಹೆಸರು ನಸೀಮಾ. ಇದೆಲ್ಲ ಆಮೇಲೆ ತಿಳಿದದ್ದು. ಅವಳು ಎದ್ದು ಬಂದು ಕೂಸಿನ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಳು.

“ಹಿಲ್ನಾ ನಕ್ಕೋ ಬೇಟಾ, ನಕ್ಕೋ. ಅಮ್ಮಾ, ನನ್ನ ಚೀಲದಾಗ ಕತ್ರಿ ಅದ. ಒಂಚೂರು ಕೂದ್ಲಾ ಕತ್ತರಿಸಿದ್ರ ಬಿಡ್ತದ. ಕತ್ತರಿಸ್ಲೇನ್ರಿ?”

ಅತ್ತೆಯ ಎದುರು ಅಷ್ಟು ಮಾತಾಡಿ ಬಂದವಳು ನಾನೇ, ಈಗ ಹೂಂ ಎನ್ನುವ ಒಂದು ಮಾತು ಹೊರಡಲಿಲ್ಲ. ಸೋದರಮಾವನ ಕತ್ತರಿ, ಸೋದರತ್ತೆಯ ಉಡಿ, ಕೆಳಗೆ ಹೊಳೆ. ನೀರಿಲ್ಲದ ಆ ಹೊಳೆ ಒಮ್ಮೆಲೇ ತುಂಬಿ ಬಂದಂತೆ ನನಗೆ ಭಯವಾಯಿತು. ಅಜ್ಜಿಯೂ ಅತ್ತೆಯೂ ಬೇರೆ ಎಲ್ಲೂ ಇರಲಿಲ್ಲ, ನನ್ನೊಳಗೇ ಚಕ್ಕಳ ಮಕ್ಕಳ ಹಾಕಿಕೊಂಡು ಕೂತಿದ್ದರು. ನಸೀಮಾಳಿಗೆ ಇದೊಂದೂ ಗೊತ್ತಿಲ್ಲ, ಕತ್ತರಿ ಹಿಡಿದು ನನ್ನ ಮುಖ ನೋಡುತ್ತಿದ್ದಾಳೆ. ಭೂಮಿ ಅಳುತ್ತಳುತ್ತ ಕೇಳಿದಳು.

“ಆಯಿ, ರೈಲು ಹೋಗಿಬಿಡ್ತದೇನು?”

“ಕತ್ತರಸವ್ವಾ,” ಎಂದೆ. “ನೀನs ಕತ್ತರಸು.”

ಕಚಕ್ ಎಂದಿತು. ಅಷ್ಟೇ. ಕೂಸಿನ ತಲೆ ನನ್ನ ಮಡಿಲಿಗೆ ಬಿತ್ತು. ಕೂದಲಿನ ಹಿಡಿ ಕಿಟಕಿಯ ಸಂದಿಯಲ್ಲೇ ಉಳಿದು ಗಾಳಿಗೆ ಪತಾಕೆಯಂತೆ ಹಾರತೊಡಗಿತು. ಸೇತುವೆ ಮುಗಿಯಿತು. ಹೊಳೆ ಯಾರನ್ನೂ ಎಳೆದುಕೊಳ್ಳಲಿಲ್ಲ. ನಸೀಮಾಳಿಗೆ ಜವಳದ ವಿಷಯ ಹೇಳಿದಾಗ ಅವಳು ಕತ್ತರಿ ಕೈಯಲ್ಲೇ ಹಿಡಿದು ಬೆಪ್ಪಾದಳು.

“ಯಾ ಅಲ್ಲಾ! ಮೊದಲs ಹೇಳಬಾರದೇನ್ರಿ ಅಮ್ಮಾ? ಮಾವಾ ಹಾಕೋ ಕತ್ರಿ ನಾ ಹಾಕಿಬಿಟ್ಟೆ.”

“ಮಾವ ನಾಲ್ಕು ವರ್ಷದಾಗ ಬರಲಿಲ್ಲ, ಕೂಸು ಚೀರಿದ ಕ್ಷಣಕ್ಕ ನೀ ಬಂದಿ. ತಗೋ, ರೊಟ್ಟಿ ತಿನ್ನು.”

ಹನ್ನೆರಡು ರೊಟ್ಟಿಯಲ್ಲಿ ನಾಲ್ಕು ಅವಳಿಗೆ ಕೊಟ್ಟೆ. ಸ್ಟೇಷನ್ನಿನಲ್ಲಿ ಬೇವಿನ ಗಿಡದ ನೆರಳು ನೋಡಿ ಕೂತೆವು. ಮೊದಲು ಹಳಿ ನಡುಗಿತು, ಆಮೇಲೆ ಕೂಗು ಕೇಳಿತು, ಆಮೇಲೆ ಬಂತಪ್ಪ ರೈಲು, ಗೂಡ್ಸ್ ರೈಲು! ಭೂಮಿ ನನ್ನ ಕೊರಳಿಗೆ ಜೋತುಬಿದ್ದು ಡಬ್ಬಿ ಎಣಿಸಿದಳು. ಅವಳಿಗೆ ಇಪ್ಪತ್ತರ ತನಕ ಬರುತ್ತದೆ. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಹಿಡಿದಳು, ಮತ್ತೆ ಇಪ್ಪತ್ತು, ಮತ್ತೆ ಒಂದು. ಕೊನೆಯ ಡಬ್ಬಿ ಹೋದ ಮೇಲೂ ಅವಳ ಬಾಯಿ ಎಣಿಸುತ್ತಲೇ ಇತ್ತು. ಅಳು ಒಣಗಿದ ಆ ಕೆನ್ನೆ, ಬಿಟ್ಟ ಆ ಬಾಯಿ! ಆ ಮುಖವನ್ನು ನೋಡಲಿಕ್ಕೇ ನಾನು ಹುಟ್ಟಿದ್ದೆ ಎನಿಸಿತು. ಆಮೇಲೆ ಹತ್ತು ಜನ ನೋಡುತ್ತಿರುವಾಗಲೇ ಸ್ಟೇಷನ್ನಿನ ಕಲ್ಲಿನ ಮೇಲೆ ನಾನೂ ಅವಳೂ ಕೈ ಹಿಡಿದುಕೊಂಡು ಕುಣಿದೆವು. ನನ್ನ ವಯಸ್ಸಿಗೆ ಒಪ್ಪುತ್ತದೋ ಇಲ್ಲವೋ ನೋಡಿದವರು ಹೇಳಲಿ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಕೂಸಿನ ತಲೆ ಸವರಿದರು, ಎಡಗಿವಿಯ ಮೇಲೆ ಕೈ ನಿಂತಿತು. ನಾನು ಒಂದೂ ಮುಚ್ಚಿಡಲಿಲ್ಲ. ಸೇತುವೆ, ಗಾಜು, ಕತ್ತರಿ, ಕತ್ತರಿ ಹಿಡಿದವಳು, ಎಲ್ಲ ಹೇಳಿದೆ.

“ಕೂದ್ಲಾ ಎಲ್ಲವ?”

“ಬಸ್ಸಿನಾಗ ಹೋದ್ವರಿ. ಆ ಬಸ್ಸು ಗುರುಮಠಕಲ್ಲಿಗಿ ಹೋಗ್ತದಂತ.”

“ದೇವರಿಗಿ ಮುಟ್ಟಬೇಕಾದ ಕೂದ್ಲಾ ಗುರುಮಠಕಲ್ಲಿಗಿ!” ಎಂದು ಅತ್ತೆ ಹಣೆ ಬಡಿದುಕೊಂಡರು.

ಮೂರನೆಯ ದಿನ ಮುಂಜಾನೆ ಬಾಗಿಲಿಗೆ ಮೋಟರ್ ಸೈಕಲ್ಲು ಬಂದು ನಿಂತಿತು. ಮಲ್ಲಪ್ಪ! ಸುದ್ದಿ ಹುಣಸಗಿಗೆ ಯಾರು ಮುಟ್ಟಿಸಿದರೋ. ಹೊಸ್ತಿಲ ಹೊರಗೇ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದ.

“ನನ್ನ ಸೊಸಿ ತಲಿಗಿ ಕತ್ರಿ ಹಚ್ಚಿದವರು ಯಾರು? ಮಾವ ಸತ್ತಾನ ಅಂತ ತಿಳದೀರೇನು?”

ರೇಣುಕಾ ಅಡುಗೆ ಮನೆಯ ಬಾಗಿಲಲ್ಲಿ ಕಣ್ಣೊರೆಸುತ್ತ ನಿಂತಳು. ನಾನು ಉತ್ತರ ಕೊಡುವ ಮೊದಲೇ ಭೂಮಿ ಅವನ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ನೀ ಯಾರು?”

ಅವನ ದನಿ ಇಳಿಯಿತು. “ನಾ ನಿನ್ನ ಮಾಮಾ.”

“ನೀ ರೈಲು ನೋಡಿಯೇನು?”

ಮಲ್ಲಪ್ಪ ಹೊಸ್ತಿಲ ಮೇಲೆ ಕೂತ. ನಾಲ್ಕು ವರ್ಷದ ಸೋದರಸೊಸೆಗೆ ತನ್ನ ಗುರುತಿಲ್ಲ ಎಂಬುದು ಅವನಿಗೆ ಯಾವ ಕತ್ತರಿಗಿಂತಲೂ ಹೆಚ್ಚು ತಾಗಿತು. ನಾನು ನೀರು ತಂದು ಕೊಟ್ಟೆ. ಅತ್ತೆ ಕೇಳುವಂತೆಯೇ ಹೇಳಿದೆ, ನೀ ತಂದ ತೊಟ್ಟಿಲಿಗೆ ಕೂಸನ್ನು ಹಾಕಲಿಲ್ಲ, ಅದು ನಮ್ಮ ತಪ್ಪು, ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ ಎಂದು. ಅವನು ಗಟಗಟ ಕುಡಿದ. ಒಳಗೆ ಬಂದ. ಶ್ರಾವಣದಲ್ಲಿ ತಾನೇ ನಿಂತು ಜವಳ ಮಾಡಿಸುತ್ತೇನೆ ಎಂದ. ಅತ್ತೆಗೂ ಮನಸ್ಸು ಹಗುರಾಯಿತು. ಹೊರಸಿನ ಮೇಲಿಂದಲೇ ಒಂದು ತೀರ್ಪು ಕೊಟ್ಟರು.

“ಹೊಳಿ ಮ್ಯಾಲ ಕತ್ರಿ ಬಿದ್ದದ. ಅಂದ್ರ ಕತ್ರಿ ಬಿದ್ದ ಮ್ಯಾಲ ಕೂಸು ದಾಟ್ಯದ ಅಂತ ಆತು. ದೋಷ ಇಲ್ಲ. ಹಂಗs ತಿಳಕೊಳ್ಳೂಣು.”

ಎಲ್ಲರೂ ಹೂಂ ಎಂದರು. ನಾನೂ ಹೂಂ ಎಂದಿದ್ದರೆ ಮನೆ ತಣ್ಣಗಾಗುತ್ತಿತ್ತು. ಆದರೆ ನನಗೆ ಆ ಹೂಂ ಬರಲಿಲ್ಲ.

“ಇಲ್ರಿ ಅತ್ತಿ. ಅರ್ಧಾ ಹೊಳಿ ದಾಟಿದ ಮ್ಯಾಲ ಕತ್ರಿ ಬಿದ್ದದ. ಆ ಅರ್ಧಾ ಹೊಳಿ ನಾವು ಹುಟ್ಟುಗೂದಲದಾಗs ದಾಟೀವಿ. ಏನೂ ಆಗಿಲ್ಲ. ಐತವಾರ ಕೃಷ್ಣಾನೂ ದಾಟ್ತೀವಿ.”

ಮಲ್ಲಪ್ಪ ನನ್ನನ್ನು ಸಮಾಧಾನ ಮಾಡಲು ಬಂದ. “ಅತ್ತಿ, ಹಟ ಯಾಕ್ರಿ? ಶ್ರಾವಣ ಆಗ್ಲಿ, ಆಮ್ಯಾಲ ಎಲ್ಲಿಗಿ ಬೇಕಾದ್ರೂ ಒಯ್ರಿ, ನಾನs ಗಾಡಿ ಮಾಡಿ ಕಳಸ್ತೀನಿ.”

“ಜವಳ ನೀನs ಮಾಡಪ್ಪಾ, ಶ್ರಾವಣದಾಗs ಮಾಡು. ಅದು ಬ್ಯಾರೆ, ಇದು ಬ್ಯಾರೆ.”

“ಮೂರು ತಿಂಗಳು ತಡದ್ರ ಏನು ಹೋಗ್ತದ ನಿಂದು?” ಅತ್ತೆ ಗದರಿದರು.

“ಬ್ಯಾಸಗಿ ಹೋಗ್ತದರಿ.”

ನನಗೆ ಗೊತ್ತಿತ್ತು. ಶ್ರಾವಣದಲ್ಲಿ ಜವಳ ಮುಗಿದರೆ ಶಾಲೆ ಎನ್ನುತ್ತಾರೆ. ಶಾಲೆ ಮುಗಿದರೆ ದೊಡ್ಡವಳಾದಳು ಎನ್ನುತ್ತಾರೆ. ಈಗ ಕಾದು ಕುಳಿತು ದಾಟಿಸಿದರೆ, ಅವಳು ದಾಟಿದ್ದು ಮಾವನ ಕತ್ತರಿಯಿಂದ ಎಂದಾಗುತ್ತದೆ. ನನ್ನ ಮೊಮ್ಮಗಳು ತನ್ನ ಕಾಲಿನಿಂದ ದಾಟಬೇಕು. ಐತವಾರ ರೇಣುಕಾ ತಾನೂ ಬರುತ್ತೇನೆಂದು ಸೀರೆ ಉಟ್ಟು ತಯಾರಾದಳು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಹೊರಡುವಾಗ ಭೂಮಿಯನ್ನು ಹತ್ತಿರ ಕರೆದು, ಅವಳ ಸೊಂಟಕ್ಕೆ ತಾವೇ ಒಂದು ಉಳ್ಳಾಗಡ್ಡಿ ಸಿಕ್ಕಿಸಿದರು.

ತಿಂಥಣಿ ಸೇತುವೆಯ ಮೇಲೆ ಬಸ್ಸು ಏರಿದಾಗ ನಾನು ಭೂಮಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡೆ. ಕೃಷ್ಣೆ ಭೀಮೆಯಂತಲ್ಲ, ಬಂಡೆಗಳ ನಡುವೆ ಹಸಿರು ನೀರು ಇತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ರೇಣುಕಾ ಹೆದರಿ ಕೂಸಿನ ಪಾದ ಹಿಡಿದುಕೊಂಡಿದ್ದಳು. ನನಗೂ ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಗಟ್ಟಿಯಿತ್ತು. ಸೇತುವೆ ಮುಗಿದು ಬಸ್ಸು ಆಚೆ ದಂಡೆಯ ಮಣ್ಣು ಮುಟ್ಟಿತು.

“ದಾಟಿದ್ವೇನು ಆಯಿ?”

“ದಾಟಿದ್ವಿ ನನ್ನವ್ವಾ.”

“ಮತ್ತ ಇನ್ನೊಂದು ಹೊಳಿ ಎಲ್ಲದ?”

ನನಗೆ ಗೊತ್ತಿರಲಿಲ್ಲ. ಕಂಡಕ್ಟರನನ್ನು ಕೇಳಿದೆ. ಸಿಂಧನೂರು ದಾಟಿ ಮುಂದೆ ಹೋದರೆ ತುಂಗಭದ್ರೆ ಬರುತ್ತದೆ ಎಂದ. ಶಾಲೆ ಶುರುವಾಗುವುದಕ್ಕೆ ಇನ್ನೂ ಹದಿನೈದು ದಿನ ಇತ್ತು.